ಏರಿಯ ಮೇಲಿನ ಕೂಗು

ಮಾವನ ಬಲಭುಜ ಎಡಭುಜಕ್ಕಿಂತ ನಾಲ್ಕು ಬೆರಳು ಕೆಳಗಿತ್ತು. ವರ್ಷಾನುಗಟ್ಟಲೆ ತೆಪ್ಪದಲ್ಲಿ ಕುಕ್ಕರಗಾಲಲ್ಲಿ ಕೂತು ಒಂದೇ ಮಗ್ಗುಲಿಗೆ ಹುಟ್ಟು ಎಳೆದೂ ಎಳೆದೂ ಆ ಭುಜ ನೀರಿನ ಕಡೆಗೇ ಬಾಗಿ ನಿಂತುಬಿಟ್ಟಿತ್ತು. ಹೊಸ ಅಂಗಿ ತೊಟ್ಟ ದಿನವೂ ಯಾರದೋ ಅಂಗಿ ಎರವಲು ತಂದವರಂತೆ ಕಾಣುತ್ತಿದ್ದರು. ನಾನು ಅವರನ್ನು ಅಣಕಿಸುವಾಗ ಮೊದಲು ಭುಜ ಇಳಿಸುತ್ತಿದ್ದೆ. ಅಷ್ಟಕ್ಕೇ ಜನ ನಗಲು ಶುರು ಮಾಡುತ್ತಿದ್ದರು. ಮಾವನೂ ನಗುತ್ತಿದ್ದರು. ‘ಭುಜ ಬರೋಬ್ಬರಿ ಬಂದೈತಿ ಅಳ್ಯಾ. ನೋವು ಎಲ್ಲಿಟ್ಟಿ?’ ಎನ್ನುತ್ತಿದ್ದರು.

ಅವರು ನನಗೆ ಮಾವ ಆಗಬೇಕಾದ್ದೇನೂ ಇರಲಿಲ್ಲ. ಅವರ ಓಣಿ ಬೇರೆ, ನಮ್ಮ ಓಣಿ ಬೇರೆ. ಕೆರೆಯ ಮೇಲೆ ಹುಟ್ಟಿದ ಸಂಬಂಧ ಅದು, ಕೆರೆಯ ಮೇಲೇ ಇರುತ್ತಿತ್ತು. ಮಗಳಿದ್ದವರನ್ನು ಮಾವ ಎಂದರೆ ಊರಲ್ಲಿ ಬೇರೆ ಅರ್ಥ ಹುಟ್ಟುತ್ತದೆ. ಇವರಿಗೆ ಮಕ್ಕಳೇ ಇರಲಿಲ್ಲವಾದ್ದರಿಂದ ನಿರ್ಭಯವಾಗಿ ಕರೆದೆ. ಅದೂ ಅಲ್ಲದೆ, ನನ್ನ ಮುಖ ನೋಡಿ ಹೆಣ್ಣು ಕೊಡುವವರು ಯಾರು ಎಂಬ ಪ್ರಶ್ನೆ ಇದ್ದೇ ಇತ್ತು.

ಆನೆಗೊಂದಿ ಕಡೆಯ ಬಂಡೆಗುಡ್ಡಗಳ ನಡುವಿನ ಕೆರೆಯಲ್ಲಿ ನಾವು ತೆಪ್ಪ ಹಾಕುವವರು. ತೆಪ್ಪ ಎಂದರೆ ಬಿದಿರಿನ ದೊಡ್ಡ ಬುಟ್ಟಿ. ತಳಕ್ಕೆ ಚೀಲ ಹೊಲಿದು ಡಾಂಬರು ಬಳಿದಿರುತ್ತದೆ. ನೋಡಲು ಬರುವವರನ್ನು ಅದರಲ್ಲಿ ಕೂರಿಸಿಕೊಂಡು ಬಂಡೆಗಳ ಸಂದಿಯಲ್ಲಿ ಸುತ್ತಾಡಿಸುತ್ತೇವೆ. ಬೆಂಗಳೂರಿನವರು ಮದುವೆಗೆ ಮೊದಲಿನ ಫೋಟೋ ತೆಗೆಸಲು ಬರುತ್ತಾರೆ. ಹುಡುಗಿಯ ಉದ್ದನೆಯ ಲಂಗ ಅರ್ಧ ತೆಪ್ಪದಲ್ಲಿ, ಅರ್ಧ ನೀರಿನಲ್ಲಿ. ಹೈದರಾಬಾದಿನವರು ತೆಪ್ಪ ತಿರುಗಿಸಲಿ ಎಂದೇ ಬರುತ್ತಾರೆ. ‘ಔರ್ ಘುಮಾವ್ ಭಯ್ಯಾ’ ಎನ್ನುವ ಅವರ ದನಿಯನ್ನು ನಾನು ಎಷ್ಟು ಚೆನ್ನಾಗಿ ತೆಗೆಯುತ್ತೇನೆಂದರೆ ಅವರೇ ಹಿಂದಿರುಗಿ ನೋಡುತ್ತಾರೆ. ಭಾನುವಾರ ಸಂಜೆಯ ಹೊತ್ತಿಗೆ ನಮ್ಮ ತೋಳು ನಮ್ಮವಲ್ಲ ಅನ್ನಿಸುತ್ತದೆ. ಬೇರೆಯವರ ಸಂತೋಷವನ್ನು ಗರಗರ ತಿರುಗಿಸುವುದೂ ಕೂಲಿಯೇ. ಜನ ಅದನ್ನು ನಂಬುವುದಿಲ್ಲ. ‘ನಿಮ್ದೇ ಲೈಫ್ ಬಿಡ್ರಿ’ ಎಂದು ಹೇಳಿ ಇಳಿದು ಹೋಗುತ್ತಾರೆ.

ತಿರುಗಿಸುವುದರಲ್ಲಿ ಮಾವನದೊಂದು ಹಟವಿತ್ತು. ಎಷ್ಟು ಸುತ್ತು ಬಲಕ್ಕೆ ತಿರುಗಿಸಿದರೋ ಅಷ್ಟನ್ನೂ ಎಡಕ್ಕೆ ತಿರುಗಿಸಿಯೇ ದಡಕ್ಕೆ ತರುತ್ತಿದ್ದರು. ‘ಸುತ್ತಿದ್ದನ್ನ ಬಿಚ್ಚಬೇಕೊ. ಪಾಪ, ಅವರ ಊರು ಭಾಳ ದೂರ ಐತಿ. ತಲಿಯೊಳಗ ನಮ್ಮ ಕೆರಿ ಇಟಗೊಂಡು ಹೋಗಬಾರ್ದು’ ಎನ್ನುತ್ತಿದ್ದರು. ನಾವೆಲ್ಲ ಬಲಕ್ಕಷ್ಟೇ ತಿರುಗಿಸಿ ಇಳಿಸಿಬಿಡುತ್ತಿದ್ದೆವು. ನಮ್ಮ ತೆಪ್ಪದಿಂದ ಇಳಿದವರು ಕುಡಿದವರಂತೆ ನಡೆಯುತ್ತಿದ್ದರು, ಮಾವನ ತೆಪ್ಪದಿಂದ ಇಳಿದವರು ಹೋಗಿ ಚಹಾ ಕುಡಿಯುತ್ತಿದ್ದರು.

ನಮ್ಮಲ್ಲಿ ಪಾಳಿ ನಡೆಯುವುದು ಕೂಗಿನ ಮೇಲೆ. ದೊಡ್ಡ ಬಂಡೆಯ ಕೆಳಗೆ ಎಲ್ಲರಿಗಿಂತ ಮೊದಲು ಬಂದು ಕೂರುವವರು ಪಾಳಿ ಅಜ್ಜ. ಅಲ್ಲಿಂದ ಕೆರೆಯ ಏರಿ ಕಾಣುವುದಿಲ್ಲ. ಕಂಡಿದ್ದರೂ ಅಜ್ಜನ ಕಣ್ಣಿಗೆ ಪೊರೆ ಬಂದು ಬಹಳ ದಿನವಾಗಿತ್ತು. ಬೆಳಿಗ್ಗೆ ಏರಿ ಹತ್ತಿದ ಕೂಡಲೇ ಒಬ್ಬೊಬ್ಬರೂ ತಮ್ಮದೇ ಆದ ಒಂದು ಕೂಗು ಹಾಕಬೇಕು. ಕೆಳಗಿನಿಂದ ಅಜ್ಜ ‘ಕೇಳ್ತು’ ಎನ್ನುತ್ತಾರೆ. ಯಾರ ಕೂಗು ಮೊದಲು ಕೇಳಿತೋ ಅವರ ಪಾಳಿ ಮೊದಲು. ಕೂಗಿದ ಮೇಲೆ ನಿಮ್ಮ ತೆಪ್ಪವನ್ನು ಯಾರು ಹಾಕಿದರೂ ನಡೆಯುತ್ತದೆ, ಕೂಗು ಮಾತ್ರ ಸ್ವಂತದ್ದಿರಬೇಕು. ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆಯ ತನಕ ಒಬ್ಬರ ಕೂಗು ಕೇಳದಿದ್ದರೆ ಅವರ ಪಾಳಿ ಹೋಯಿತು, ಕಾಯುತ್ತಾ ಕೂತವನಿಗೆ ಸಿಕ್ಕಿತು.

ನಾನು ಪಾಳಿಗೆ ಸೇರಲು ಹೋದಾಗ ಈ ಕೂಗಿನಲ್ಲೇ ಸಿಕ್ಕಿಬಿದ್ದೆ. ಏರಿ ಮೇಲೆ ನಿಂತು ಬಾಯಿ ತೆರೆದರೆ ಬರುವುದೆಲ್ಲ ಬೇರೆಯವರ ದನಿ. ಒಮ್ಮೆ ನಮ್ಮ ಸಾಲಿ ಮಾಸ್ತರರದು, ಒಮ್ಮೆ ಬಸ್ ಕಂಡಕ್ಟರನದು. ಕೆಳಗಿನಿಂದ ಅಜ್ಜ, ‘ಇದು ಯಾರಪಾ? ಗಂಗಾವತಿ ಬಸ್ಸು ಏರಿ ಮ್ಯಾಲೆ ಹ್ಯಾಂಗ ಬಂತು?’ ಎನ್ನುತ್ತಿದ್ದರು. ಮಾವ ಮೇಲೆ ಹತ್ತಿ ಬಂದು ನನ್ನ ಪಕ್ಕ ಕೂತರು.

‘ಎಲ್ಲಾರದೂ ಮಾಡ್ತಿ. ನಿಂದು ಯಾವಾಗ ಮಾಡ್ತಿ?’

‘ನಂದು ಅಂಬೋದು ಇದ್ರ ಮಾಡ್ತೇನ್ರಿ ಮಾವಾ. ಅಂಗಡಿ ಖಾಲಿ ಐತಿ.’

‘ನಿಮ್ಮವ್ವ ರೊಟ್ಟಿ ಮಾಡ್ಯಾಳ, ನಿನ್ನ ಕರದಿಲ್ಲ, ನಿಮ್ಮಣ್ಣ ಎಲ್ಲಾ ತಿನ್ನಾಕತ್ಯಾನ. ಹ್ಯಾಂಗ ಕೂಗ್ತಿ?’

ನಾನು ಕೂಗಿದೆ. ಆ ದನಿ ನನಗೇ ಹೊಸದಾಗಿತ್ತು, ಚೂರು ಅಳುಕು, ಬಹಳಷ್ಟು ಹಸಿವು. ‘ಕೇಳ್ತು’ ಎಂದರು ಅಜ್ಜ. ಇವತ್ತಿಗೂ ನನ್ನ ಪಾಳಿ ನಡೆಯುವುದು ಆ ಹಸಿವಿನ ಮೇಲೆಯೇ.

ಮಾವನ ಕೂಗಾದರೋ ಗುಡ್ಡಕ್ಕೆ ಬಡಿದು ಹಿಂದಿರುಗುವಂಥದ್ದು. ಆ ಕೂಗು ನಿಧಾನವಾಗಿ ಸವೆಯಿತು. ಮೊದಲು ಗೊಗ್ಗರಾಯಿತು, ಆಮೇಲೆ ನಡುವೆ ತುಂಡಾಗತೊಡಗಿತು, ಕೊನೆಗೆ ಬರೀ ಉಸಿರು. ಹುಬ್ಬಳ್ಳಿಯ ದವಾಖಾನೆಯಲ್ಲಿ ಗಂಟಲಲ್ಲಿ ಗಂಟಿದೆ ಎಂದರು. ತೋಳು ಗಟ್ಟಿಯಿತ್ತು, ತೆಪ್ಪ ಹಾಕಬಲ್ಲವರಾಗಿದ್ದರು. ಕೂಗಲು ಮಾತ್ರ ಆಗುತ್ತಿರಲಿಲ್ಲ. ಕೂಗಿಲ್ಲದವರಿಗೆ ಪಾಳಿಯಿಲ್ಲ. ಅಜ್ಜನ ಮುಂದೆ ಹೋಗಿ ಕೇಳಿಕೊಳ್ಳೋಣ ಎಂದೆ. ಮಾವ ನನ್ನ ಕಿವಿಯ ಹತ್ತಿರ ಬಾಯಿ ತಂದು, ‘ಕೇಳಿಕೊಂಡ್ರ ಕೊಡ್ತಾರ. ಆಮ್ಯಾಲೆ ಅದು ನನ್ನ ಪಾಳಿ ಅಲ್ಲ, ಅವರ ಕರುಣಾ’ ಎಂದರು. ಪಾಳಿ ಹೋದರೆ ಬೆಳಿಗ್ಗೆ ಎದ್ದು ಹೋಗುವುದಕ್ಕೆ ಒಂದು ಜಾಗವೇ ಇರುವುದಿಲ್ಲ ಎಂಬುದು ಅವರ ಕಣ್ಣಲ್ಲಿತ್ತು.

ಮರುದಿನದಿಂದ ನಾವಿಬ್ಬರೂ ಕೂಡಿಯೇ ಏರಿ ಹತ್ತತೊಡಗಿದೆವು. ನನ್ನ ಕೂಗು ನಾನು ಹಾಕಿದ ಮೇಲೆ ಒಂದಿಷ್ಟು ಹೊತ್ತು ಬಿಟ್ಟು, ಭುಜ ಇಳಿಸಿ, ಮಾವನ ಹಳೆಯ ಕೂಗು ಹಾಕುತ್ತಿದ್ದೆ. ಅಲ್ಲಿ ನೋಡುವವರು ಯಾರೂ ಇರುತ್ತಿರಲಿಲ್ಲ. ಆದರೂ ನಾನು ಕೂಗುವಾಗ ಮಾವ ಕೆರೆಯ ಕಡೆ ತಿರುಗಿ ಬಾಯಿ ತೆರೆಯುತ್ತಿದ್ದರು. ಕೆಳಗಿನಿಂದ ‘ಕೇಳ್ತು’ ಬಂದ ಮೇಲೆ ಮುಚ್ಚುತ್ತಿದ್ದರು.

ಮುಂದೆ ಅವರಿಗೆ ಮನೆಯಿಂದ ಹೊರಬೀಳಲೂ ಆಗದಾಯಿತು. ನಾನೊಬ್ಬನೇ ಎರಡು ಕೂಗು ಹಾಕಿ, ಎರಡು ಪಾಳಿ ದುಡಿದು, ಅವರ ಪಾಳಿಯ ದುಡ್ಡನ್ನು ಸಂಜೆ ಅತ್ತಿಯ ಕೈಗೆ ಕೊಟ್ಟು ಬರುತ್ತಿದ್ದೆ. ಅತ್ತಿ ಎಂದರೆ ಮಾವನ ಹೆಂಡತಿ. ಅವರ ಮನೆಯ ಹೊಸ್ತಿಲು ನಾನು ತುಳಿದದ್ದೇ ಆಗ. ನನ್ನ ಎರಡೂ ಭುಜಗಳು ಕೆಳಗಿಳಿದಿದ್ದವು. ಈಗ ಅಣಕಿಸಲು ಏನೂ ಮಾಡಬೇಕಾಗಿರಲಿಲ್ಲ.

‘ಏ ರೇಡಿಯೋ, ನಿಮ್ಮ ಮಾವ ಎಲ್ಲಿ ಅದಾನ?’ ಎಂದು ಜೊತೆಯವರು ಕೇಳುತ್ತಿದ್ದರು. ರೇಡಿಯೋ ಎಂಬುದು ನನಗೆ ಅವರಿಟ್ಟ ಹೆಸರು.

‘ಏರಿ ಮ್ಯಾಲೆ ಕುಂತಾರ. ಮೊಣಕಾಲು ಹಿಡದಾವ, ಇಳಿಯಾಕ ಬರವಲ್ದು.’

‘ಕುಂದರ್ಲಿ, ಕುಂದರ್ಲಿ. ಗಾಳಿ ಛಲೋ ಐತಿ ಅಲ್ಲಿ.’

ಒಬ್ಬರೂ ಹತ್ತಿ ನೋಡಲಿಲ್ಲ. ಪಾಳಿ ಅಜ್ಜ ಒಂದು ದಿನ ನನ್ನ ಅಂಗಿ ಹಿಡಿದು ನಿಲ್ಲಿಸಿ, ‘ನಿಮ್ಮ ಮಾವಗ ಹೇಳು. ನಿನ್ನಿ ಭಾಳ ಗಟ್ಟಿ ಕೂಗ್ಯಾನ. ಆರಾಮಿಲ್ಲದವ ಅಷ್ಟು ಗಟ್ಟಿ ಕೂಗಬಾರ್ದು’ ಎಂದರು. ಮೋಸ ಮಾಡುತ್ತಿದ್ದೇನೆಂದು ಬೀಗುತ್ತಿದ್ದವನು ನಾನೊಬ್ಬನೇ. ಉಳಿದವರೆಲ್ಲ ಮೋಸ ಹೋಗುವ ಕೆಲಸವನ್ನು ನನಗಿಂತ ಚೆನ್ನಾಗಿ ಮಾಡುತ್ತಿದ್ದರು.

ಪಾಳಿಗಾಗಿ ಕಾಯುತ್ತಿದ್ದವನೊಬ್ಬನಿದ್ದ. ಮಂಗಳೂರಿನವನು, ಸಮುದ್ರದ ಮಂಗಳೂರಲ್ಲ, ನಮ್ಮ ಯಲಬುರ್ಗಿ ಕಡೆ ಅದೇ ಹೆಸರಿನ ಹಳ್ಳಿ. ಪ್ರವಾಸಿಗರು ‘ಓ, ಬೀಚ್’ ಎಂದರೆ ‘ಹೌದ್ರಿ, ಬರೇ ಉಸುಕು’ ಎನ್ನುತ್ತಿದ್ದ. ಹೆಂಡತಿಯ ಊರಿಗೆ ಬಂದು ತೆಪ್ಪ ಕಲಿತು, ಪಾಳಿ ಸಿಗದೆ, ಬಂದವರಿಗೆ ಲೈಫ್ ಜಾಕೆಟ್ಟಿನ ಬೆಲ್ಟ್ ಕಟ್ಟುತ್ತಾ ದಡದಲ್ಲೇ ಉಳಿದಿದ್ದ. ಮಾವನ ಪಾಳಿ ಹೋದರೆ ಸಿಗಬೇಕಾದದ್ದು ಅವನಿಗೆ. ಒಂದು ಬೆಳಿಗ್ಗೆ ನಾನು ಎರಡನೆಯ ಕೂಗು ಹಾಕಿ ತಿರುಗಿದರೆ, ಜಾಕೆಟ್ಟುಗಳ ಹೊರೆ ಹೊತ್ತುಕೊಂಡು ಏರಿಯ ಮೇಲೇ ನಿಂತಿದ್ದಾನೆ. ಅವನು ಹೊರೆಯನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡ.

‘ನಿಮ್ಮ ಮಾವನ ಕೂಗು ಇನ್ನೂ ಗಟ್ಟಿ ಐತಿ ತಮ್ಮಾ. ಇರ್ಲಿ. ಭಾಳ ದಿನ ಇರ್ಲಿ’ ಎಂದು ಇಳಿದು ಹೋದ.

ಆ ಸಂಜೆ ಅದನ್ನು ಮಾವನಿಗೆ ಹೇಳಿದೆ. ನಗಲಿ ಎಂದು ಅವನ ದನಿಯಲ್ಲೇ ಹೇಳಿದೆ. ಮಾವ ನಗಲಿಲ್ಲ. ಗೋಡೆಗೆ ಒರಗಿದ್ದವರು ಕೈಸನ್ನೆ ಮಾಡಿ ಹತ್ತಿರ ಕರೆದು, ಕಿವಿಯಲ್ಲಿ ಉಸುರಿದರು.

‘ಅವಗ ಮಕ್ಕಳದಾವೇನು?’

‘ಒಂದು ಕೂಸು ಐತ್ರಿ.’

‘ನಾಳೆ ನಂದು ಕೂಗಬ್ಯಾಡ. ನನ್ನ ಕರಕೊಂಡು ನಡಿ. ನಾನ ಹೇಳ್ತೀನಿ.’

ಮರುದಿನ ಟವೆಲ್ಲಿನಿಂದ ಅವರನ್ನು ನನ್ನ ಸೊಂಟಕ್ಕೆ ಕಟ್ಟಿಕೊಂಡು ಬೈಕಿನಲ್ಲಿ ಕರೆತಂದೆ. ಬಂಡೆಯ ಕೆಳಗೆ ಅಜ್ಜನ ಎದುರಿಗೆ ಕೂರಿಸಿದೆ. ಒಬ್ಬರಿಗೆ ದನಿಯಿಲ್ಲ, ಒಬ್ಬರಿಗೆ ಕಣ್ಣಿಲ್ಲ. ಅಜ್ಜ ಕೈ ಚಾಚಿ ತಡವಿದರು. ಬಲಭುಜ ಸಿಕ್ಕಿತು. ‘ಬಂದೀಯೇನಪಾ. ಏರಿ ಇಳಿಯಾಕ ಭಾಳ ದಿನ ತಗೊಂಡಿ’ ಎಂದರು. ಮಾವ ತುಟಿ ಅಲ್ಲಾಡಿಸಿದರು. ಅದನ್ನು ಓದಿ ನಾನು ಹೇಳಿದೆ, ನನ್ನದೇ ದನಿಯಲ್ಲಿ: ‘ಪಾಳಿ ಬಿಟ್ಟೀನಿ ಅಂತಾರ್ರಿ. ಬೆಲ್ಟ್ ಕಟ್ಟಾವಗ ಕೊಡಬೇಕಂತ.’ ಅಜ್ಜ ಭುಜದಿಂದ ಕೈ ತೆಗೆಯದೆ, ‘ಕೇಳ್ತು’ ಎಂದರು.

ಆಮೇಲೆ ಮಾವ ನನ್ನ ತೆಪ್ಪದ ಕಡೆ ಕೈ ತೋರಿಸಿದರು. ಮಂಗಳೂರಿನವನು ಓಡಿ ಬಂದು ಅವರಿಗೆ ಜಾಕೆಟ್ಟು ತೊಡಿಸಿದ. ಬೆಲ್ಟ್ ಕಟ್ಟುವಾಗ ಮಾವ ಅವನ ಕೈಯನ್ನು ಮೆಲ್ಲಗೆ ತಟ್ಟಿದರು. ಅವರು ಹುಟ್ಟು ಹಿಡಿಯದೆ, ನೋಡಲು ಬಂದವರ ಹಾಗೆ ತೆಪ್ಪದಲ್ಲಿ ಕೂತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಬಂಡೆಗಳ ನಡುವೆ ಹೋದ ಮೇಲೆ ಕೇಳಿದೆ.

‘ತಿರುಗಿಸಲೇನ್ರಿ ಸಾಹೇಬ್ರ?’

ಅವರು ಅಂಗೈ ಅಡ್ಡ ಹಿಡಿದರು. ತಿರುಗಿಸಬೇಡ, ನಿಲ್ಲಿಸು.

ತೆಪ್ಪ ಗುಂಡಗಿರುವ ವಸ್ತು. ನಿಲ್ಲು ಎಂದರೆ ನಿಲ್ಲುವುದಿಲ್ಲ. ಸುಮ್ಮನೆ ಬಿಟ್ಟರೆ ತನ್ನಷ್ಟಕ್ಕೆ ತಿರುಗುತ್ತದೆ. ಅದನ್ನು ನಿಲ್ಲಿಸಬೇಕೆಂದರೆ ಹುಟ್ಟನ್ನು ಒಂದು ಚೂರು ಈ ಕಡೆ, ಒಂದು ಚೂರು ಆ ಕಡೆ ಆಡಿಸುತ್ತಲೇ ಇರಬೇಕು. ನಾನು ಆಡಿಸುತ್ತಾ ಕೂತೆ. ಸ್ವಲ್ಪ ಹೊತ್ತಿನಲ್ಲಿ ಮಾವನ ತಲೆ ಜಾಕೆಟ್ಟಿನೊಳಗೆ ಇಳಿಯಿತು. ನಿದ್ದೆ ಹತ್ತಿತ್ತು. ಪಕ್ಕದಲ್ಲಿ ಹಾದುಹೋದ ತೆಪ್ಪದವರು ಹಾಡುತ್ತಿದ್ದದ್ದನ್ನು ನಿಲ್ಲಿಸಿ, ತಮ್ಮವರಿಗೆ ಬಾಯಿ ಮೇಲೆ ಬೆರಳಿಟ್ಟು ತೋರಿಸಿ ದೂರ ಹೋದರು. ಬಿಸಿಲು ಏರಿತು. ನನ್ನ ತೋಳು ನಡುಗುತ್ತಿತ್ತು. ಹೊತ್ತು ಮುಗಿಯಿತು, ಬಾ ಎಂದು ದಡದಿಂದ ಯಾರೂ ಕರೆಯಲಿಲ್ಲ.

ಮುಂದಿನ ಅಮಾವಾಸ್ಯೆ ಬರುವ ಮೊದಲೇ ಮಾವ ತೀರಿಕೊಂಡರು.

ದಿನದ ಕಾರ್ಯವೆಲ್ಲ ಮುಗಿದ ಮೇಲೆ ಒಂದು ಸಂಜೆ ಅತ್ತಿಯನ್ನು ಕಾಣಲು ಹೋಗಿದ್ದೆ. ಅಕ್ಕಿ ಆರಿಸುತ್ತಾ ಕೂತಿದ್ದರು. ‘ಎಲ್ಲಾರ ಮುಂದ ಅವರದು ಮಾಡ್ತಿದ್ದಿಯಂತ. ನನ್ನ ಮುಂದೊಮ್ಮೆ ಮಾಡು’ ಎಂದರು. ನಾನು ಭುಜ ಇಳಿಸಿ, ಓಣಿಗೆ ಕೇಳದ ಹಾಗೆ ಕೂಗು ಹಾಕಿದೆ.

‘ಇದಲ್ಲ. ಇದು ಕೆರಿದು’ ಎಂದರು ಅತ್ತಿ. ‘ಮನಿಯಾಗಿಂದು ಮಾಡು. ಉಣ್ಣಾಕ ಕುಂತಾಗ ನೀರು ಕೇಳೋದು.’

ಬಾಯಿ ತೆರೆದೆ. ಏನೂ ಬರಲಿಲ್ಲ. ನಾನು ಆ ಮನೆಗೆ ಬರುವ ಹೊತ್ತಿಗೆ ಅವರ ದನಿ ಹೋಗಿಯಾಗಿತ್ತು. ಅವರು ಮನೆಯಲ್ಲಿ ಹೇಗೆ ಮಾತಾಡುತ್ತಿದ್ದರೆಂದು ನಾನು ಕೇಳಿಯೇ ಇರಲಿಲ್ಲ. ‘ಬರಂಗಿಲ್ರಿ ಅತ್ತಿ’ ಎಂದೆ.

ಅತ್ತಿ ಮೊರದಲ್ಲಿ ಕೈಯಾಡಿಸುವುದನ್ನು ನಿಲ್ಲಿಸಿದರು. ಗದ್ದ ಎದೆಗೆ ತಂದು, ಯಾರನ್ನೂ ನೋಡದೆ, ದಣಿದು ಬಂದ ಗಂಡಸಿನ ತಗ್ಗಿದ ದನಿಯಲ್ಲಿ, ‘ಒಂಚೂರು ನೀರು ಕೊಡ್ತೀಯೇನ’ ಎಂದರು.

ನಾನು ಎದ್ದುಹೋಗಿ ಕೊಡದಿಂದ ಒಂದು ತಂಬಿಗೆ ನೀರು ತಂದು ಇಟ್ಟೆ.