ಹರಕೆಯಿಲ್ಲದ ಗುಡ್ಡ

ಶಹಜಾದಿ ಬೇಗಂ ಊರು ಬಿಟ್ಟು ಹೋದವಳೇ ಅಲ್ಲ ಎಂದು ಯಾರೂ ಹೇಳುವಂತಿಲ್ಲ. ಗಂಡನ ಕಾಯಿಲೆಗೆ ಹೈದರಾಬಾದಿಗೆ ಹೋಗಿ ಆಸ್ಪತ್ರೆಯ ವರಾಂಡದಲ್ಲಿ ಚಾಪೆ ಹಾಸಿ ಮಲಗಿದವಳು. ಮಗಳ ಬಾಣಂತನಕ್ಕೆ ಮಾನ್ವಿಗೆ, ನೆಗೆಣ್ಣಿಯ ಮಣ್ಣಿಗೆ ದೇವದುರ್ಗಕ್ಕೆ, ಉರುಸಿಗೆ ಕಲಬುರಗಿಗೆ ಹೋಗಿ ಬಂದವಳು. ಯಾರಾದರೂ ಹುಟ್ಟಬೇಕು, ಸಾಯಬೇಕು, ಇಲ್ಲವೇ ಹರಕೆ ತೀರಬೇಕು. ಆಗ ಮಾತ್ರ ಆಕೆಗೆ ಬಸ್ಸು. ಸುಮ್ಮನೆ, ತನ್ನ ಖುಷಿಗೆಂದು ಆಕೆ ಪಕ್ಕದ ಊರಿನ ಬೋರ್ಡನ್ನೂ ನೋಡಿರಲಿಲ್ಲ. ಅಂಥವಳು ಅರವತ್ತು ದಾಟಿದ ಮೇಲೆ ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ ಗುಡ್ಡ ಹತ್ತುತ್ತೇನೆ ಎಂದಳು. ಬಜಾರಿನವರಿಗೆ ಒಂದು ತಿಂಗಳಿಗೆ ಸಾಕಾಗುವಷ್ಟು ಮಾತು ಸಿಕ್ಕಿತು.

ರಾಯಚೂರಿನ ಹಳೇ ಬಜಾರಿನಲ್ಲಿ ಆಕೆಯದು ಗಾದಿ ಅಂಗಡಿ. ಪಕ್ಕದಲ್ಲೇ ನನ್ನದು, ಸೀರೆಗೆ ಫಾಲು ಹಚ್ಚಿ ಪಿಕೋ ಮಾಡುವ ಅಂಗಡಿ. ನಡುವೆ ಇರುವುದು ಒಂದು ತಗಡು. ಅದಕ್ಕೆ ಕಿವಿ ಮಾತ್ರವಲ್ಲ, ಬಾಯಿಯೂ ಇದೆ. ಹಾಗಾಗಿ ಈ ಪ್ರವಾಸದ ಮಾತು ಹುಟ್ಟಿದ್ದು ನನ್ನ ಕಣ್ಣೆದುರಿಗೇ. ನಿವೃತ್ತ ಮಾಸ್ತರಮ್ಮ ದುರ್ಗಾದೇವಿಯವರು ಪ್ರತಿ ವರ್ಷ ಹೆಂಗಸರ ಗುಂಪು ಕಟ್ಟಿಕೊಂಡು ಎಲ್ಲಾದರೂ ಬೆಟ್ಟ ಹತ್ತಲು ಹೋಗುತ್ತಾರೆ. ಸುತ್ತಿ ಒಯ್ಯಲು ಬರುವಂಥ ತೆಳ್ಳನೆ ಗಾದಿ ಹೊಲಿಸಲು ಬಂದವರು, ಅಲ್ಲಿಯ ಹುಲ್ಲಿನ ಗುಡ್ಡ, ಕಾಲಡಿ ಹರಿಯುವ ಮೋಡ ಎಂದೆಲ್ಲ ಹೇಳುತ್ತಿದ್ದರು. ದಬ್ಬಳ ಕೈಯಲ್ಲಿ ಹಿಡಿದು ಕೇಳುತ್ತಿದ್ದ ಶಹಜಾದಿ, ಚಿಕ್ಕಮ್ಮನೆಂದು ನಾನು ಖಾಲಾ ಅನ್ನುವವಳು, ತಾನೂ ಬರಬಹುದೇ ಎಂದು ಕೇಳಿಯೇ ಬಿಟ್ಟಳು. ಯಾಕಾಗಬಾರದು ಎಂದರು ದುರ್ಗಾದೇವಿ. ಅಲ್ಲಿಗೆ ಮುಗಿಯಿತು, ಅಥವಾ ಅಲ್ಲಿಂದ ಶುರುವಾಯಿತು ಅನ್ನಿ.

ಮರುದಿನದಿಂದಲೇ ಬೆಳಗಿನ ನಮಾಜು ಮುಗಿಸಿ ಕೋಟೆಯ ಗುಡ್ಡ ಹತ್ತತೊಡಗಿದಳು. ನಮ್ಮೂರ ಗುಡ್ಡ ನಿಮಗೆ ಗೊತ್ತಲ್ಲ, ಬರೀ ಬಂಡೆ. ಹೊತ್ತೇರಿದರೆ ಅದರ ಮೇಲೆ ರೊಟ್ಟಿ ಸುಡಬಹುದು. ಬುರ್ಖಾದ ಕೆಳಗೆ ಬಿಳಿ ಬೂಟು, ಬೆನ್ನಿಗೆ ಮೊಮ್ಮಗಳ ಹಳೇ ಶಾಲೆ ಚೀಲ, ಅದರ ತುಂಬ ಸಿರವಾರದ ಅಕ್ಕಿ. ಭಾರ ಹೊತ್ತು ರೂಢಿಯಾಗಬೇಕಲ್ಲ ಎನ್ನುತ್ತಿದ್ದಳು. ದಿನವಿಡೀ ನೆಲಕ್ಕೆ ಕೂತು ಹತ್ತಿ ತುಂಬಿದ ಮೊಣಕಾಲು ಅವು, ಮೊದಮೊದಲು ಇಳಿಯುವಾಗ ಅತ್ತುಬಿಡುತ್ತಿದ್ದವು. ಆಕೆ ಅಳಲಿಲ್ಲ. ನೀಲಗಿರಿ ಎಣ್ಣೆ ತಿಕ್ಕಿಕೊಂಡು ಮತ್ತೆ ದಬ್ಬಳ ಹಿಡಿಯುತ್ತಿದ್ದಳು.

ನಗು ಬಂದದ್ದು ಚಳಿಯ ವಿಷಯದಲ್ಲಿ. ರಾಯಚೂರಿನವರಾದ ನಮಗೆ ಚಳಿ ಎಂದರೆ ಡಿಸೆಂಬರಿನಲ್ಲಿ ಫ್ಯಾನು ಆರಿಸುವುದು. ಮೇಲೆ ಬಹಳ ಥಂಡಿ ಇರುತ್ತದೆ ಎಂದು ದುರ್ಗಾದೇವಿ ಹೇಳಿದ್ದೇ ತಡ, ಖಾಲಾ ತನಗೊಂದು ರಜಾಯಿ ಹೊಲಿದಳು. ಗಾದಿಯವಳ ಕೈ, ಕೇಳಬೇಕೆ? ಹತ್ತಿ ಒತ್ತಿ ಒತ್ತಿ ತುಂಬಿದ್ದಕ್ಕೆ ಅದು ಮದುಮಗಳ ಹಾಸಿಗೆಯಷ್ಟು ದಪ್ಪವಾಯಿತು. ನಾನು ಚೀಲ ಹಿಡಿದೆ, ಆಕೆ ಮೊಣಕಾಲೂರಿ ತುರುಕಿದಳು, ಜಿಪ್ಪು ಹರಿದುಹೋಯಿತು. ಇಬ್ಬರೂ ನೆಲದ ಮೇಲೆ ಕೂತು ಹೊಟ್ಟೆ ಹಿಡಿದು ನಕ್ಕೆವು. ಆಮೇಲೆ ಹೊಲಿಗೆ ಬಿಚ್ಚಿ ಹತ್ತಿಯನ್ನೆಲ್ಲ ಹೊರಗೆಳೆದು, ಬರೀ ಒಂದು ತೆಳ್ಳನೆ ಪದರು ಉಳಿಸಿದಳು.

ಮಂದಿಯದು ಮಾತ್ರ ನಗುವ ವಿಷಯವಾಗಿರಲಿಲ್ಲ. ಆಕೆ ದಿನವೂ ಗುಡ್ಡ ಹತ್ತುವುದನ್ನು ನೋಡಿ ಏನೋ ಹರಕೆ ಹೊತ್ತಿದ್ದಾಳೆಂದು ಕೈಮುಗಿದವರೇ, ನಿಜ ಗೊತ್ತಾದ ಮೇಲೆ ಮುಖ ತಿರುಗಿಸಿದರು. ಮಗ ಪರ್ವೇಜ್ ಒಳ್ಳೆಯ ಹುಡುಗ, ಆದರೆ ಮಂದಿಯ ಬಾಯಿಗೆ ಹೆದರುತ್ತಾನೆ. ಅವನೇ ಒಂದು ಉಪಾಯ ತಂದ. ಆ ಕಡೆ ಎಲ್ಲೋ ಗುಡ್ಡದ ಮೇಲೆ ದರ್ಗಾ ಇದೆಯಂತೆ, ಜಿಯಾರತ್ತಿಗೆ ಹೋಗುತ್ತೇನೆ ಎಂದುಬಿಡು, ಯಾರೂ ತುಟಿ ಬಿಚ್ಚುವುದಿಲ್ಲ ಎಂದ. ನನಗೂ ಅದೇ ಸರಿ ಅನ್ನಿಸಿತು, ಒಂದು ಸುಳ್ಳಿನಿಂದ ಯಾರ ಗಂಟೇನು ಹೋಗುತ್ತದೆ ಎಂದೆ.

ಖಾಲಾ ನನ್ನ ಕಡೆ ನೋಡಿದ ನೋಟ ಇನ್ನೂ ನೆನಪಿದೆ. "ದೇವರ ಹೆಸರ ಹೇಳಿ ನಾನು ಚೈನಿ ಮಾಡಾಕ ಹೋಗಲೇನ, ಮೌನೇಶಿ? ದರ್ಗಾಕ್ಕ ಹೋಗೂದಿದ್ರ ದರ್ಗಾಕ್ಕಂತ ಹೋಗತೀನಿ. ಈಗ ಗುಡ್ಡ ನೋಡಾಕ ಹೊಂಟೀನಿ. ನೋಡಾಕ ಅಷ್ಟೇ."

ಹೊರಡುವ ದಿನ ಮಧ್ಯಾಹ್ನ ದೇವದುರ್ಗದಿಂದ ಗುಲಾಮ್ ದಸ್ತಗೀರ್ ಬಂದರು. ಖಾಲಾನ ಗಂಡನ ಅಣ್ಣ, ಆ ಮನೆತನಕ್ಕೆ ಈಗ ಅವರೇ ಹಿರಿಯರು. ದೂರದ ಪ್ರಯಾಣಕ್ಕೆ ಹೊರಟವರ ತೋಳಿಗೆ ಇಮಾಮ್ ಜಾಮಿನ್ ಕಟ್ಟುವುದು ಅವರಲ್ಲಿ ರೂಢಿ. ಹಸಿರು ಬಟ್ಟೆಯಲ್ಲಿ ಒಂದು ನಾಣ್ಯ ಸುತ್ತಿ ಮನೆಯ ಹಿರಿಯರು ಕಟ್ಟಿ ಹರಸುತ್ತಾರೆ. ಸುಖವಾಗಿ ತಲುಪಿದ ಮೇಲೆ ಆ ನಾಣ್ಯ ಬಡವರಿಗೆ. ಅದಿಲ್ಲದೆ ಆ ಮನೆಯಿಂದ ಯಾರೂ ಹೊಸ್ತಿಲು ದಾಟಿದ್ದಿಲ್ಲ. ದೊಡ್ಡಪ್ಪ ಕಟ್ಟಿದರೆ ಹೋಗು, ಇಲ್ಲದಿದ್ದರೆ ಬೇಡ ಎಂದು ಪರ್ವೇಜ್ ಮೊದಲೇ ಹೇಳಿದ್ದ. ಖಾಲಾಗೂ ಅದು ಬೇಕಿತ್ತು. ಅದಿಲ್ಲದೆ ಹೊರಡಲು ಒಳಗೊಳಗೆ ಅಂಜಿಕೆ ಎಂದು ಬೆಳಿಗ್ಗೆಯೇ ನನ್ನ ಹತ್ತಿರ ಒಪ್ಪಿಕೊಂಡಿದ್ದಳು.

ಅಂಗಡಿಯ ಮುಂದೆ ಟೆಂಪೊ ನಿಂತಿತ್ತು. ದುರ್ಗಾದೇವಿ ಮತ್ತು ಉಳಿದ ಹೆಂಗಸರು ಒಳಗೆ ಕೂತು ಕಾಯುತ್ತಿದ್ದರು. ಹಸಿರು ಬಟ್ಟೆಯನ್ನು ಖಾಲಾ ತಾನೇ ಹೊಲಿದು ತಂದು ಭಾವನ ಮುಂದೆ ಹಿಡಿದಳು. ಅವರು ಕೈ ಚಾಚಲಿಲ್ಲ. ಮನೆಯಲ್ಲಿ ದಖನಿ ಉರ್ದು ಆಡುವವರು, ಅವತ್ತು ಎಲ್ಲರಿಗೂ ತಿಳಿಯಲೆಂದೇ ಕನ್ನಡದಲ್ಲಿ ಮಾತಾಡಿದರು.

"ದರ್ಗಾಕ್ಕ ಹೊಂಟೀನಿ ಅಂತ ಮಂದಿ ಮುಂದ ಒಂದು ಮಾತು ಅನ್ನು. ಈಗಿಂದೀಗ ಕಟ್ಟತೀನಿ. ಗುಡ್ಡ ನೋಡೂದಕ್ಕ ನಾನು ಕಟ್ಟಂಗಿಲ್ಲ."

ಅನ್ನಬೇಕಾದದ್ದು ಒಂದೇ ಮಾತು. ಅನ್ನದಿದ್ದರೆ ಇಷ್ಟು ದಿನ ಬಂಡೆ ಹತ್ತಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಎಂಥ ಹಿರಿತನವಪ್ಪಾ ಇದು, ಹರಕೆಯನ್ನೂ ಷರತ್ತು ಹಾಕಿ ಕೊಡುವುದು ಎಂದು ಮೈಯೆಲ್ಲ ಉರಿಯಿತು. ಪರ್ವೇಜ್ ತಲೆ ತಗ್ಗಿಸಿ ನಿಂತಿದ್ದ.

ಖಾಲಾ ಚಾಚಿದ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡಳು.

"ಭಾಯಿಸಾಬ್, ನಿಮ್ಮ ಮಗ ಸೌದಿಗೆ ಹೋಗುವಾಗ ಅವನ ತೋಳಿಗೆ ಕಟ್ಟಿದಾಕಿ ನಾನು. ನೀವು ಹಜ್‌ಗೆ ಹೊಂಟಾಗ ನಿಮ್ಮ ತಮ್ಮ ಹಾಸಿಗಿ ಹಿಡಿದಿದ್ರು, ನಿಮಗೂ ನಾನೇ ಕಟ್ಟೀನಿ. ಯಾಕ ಹೊಂಟಿ ಅಂತ ಇಲ್ಲೀತನ ಯಾರನ್ನೂ ಕೇಳಿಲ್ಲ."

ಆಕೆ ತೋಳಿನ ಬಟ್ಟೆ ಮೇಲೆ ಸರಿಸಿ, ಹಸಿರು ಪಟ್ಟಿಯನ್ನು ಎಡದೋಳಿಗೆ ತಾನೇ ಸುತ್ತಿದಳು. ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದನ್ನು ಬಲಗೈಯಿಂದ ಜಗ್ಗಿ ಗಂಟು ಹಾಕಿದಳು. ನಾನು ಹಿಡಿಯಲು ಹೋದರೆ ಬೇಡವೆಂದು ತಲೆಯಾಡಿಸಿದಳು. ಕಟ್ಟಿದ ಮೇಲೆ ಹಿರಿಯರು ತಲೆ ಮುಟ್ಟಿ ಹರಸಬೇಕು. ಆಕೆ ಭಾವನ ಕಡೆ ನೋಡಲಿಲ್ಲ. ಬಲಗೈಯನ್ನು ತನ್ನ ತಲೆಯ ಮೇಲೆ ತಾನೇ ಇಟ್ಟುಕೊಂಡು, ಬೀದಿಯವರೆಲ್ಲ ಕೇಳುವಂತೆ ಹೇಳಿದಳು:

"ಹೋಗಿ ಬಾ, ಶಹಜಾದಿ. ಕಣ್ತುಂಬ ನೋಡಿ ಬಾ."

ನನಗೆ ಅಳು ತಡೆಯಲಾಗಲಿಲ್ಲ. ಆಕೆ ಚೀಲ ಬೆನ್ನಿಗೇರಿಸಿ ಟೆಂಪೊ ಹತ್ತಿ, ಕಿಟಕಿಯ ಪಕ್ಕದ ಸೀಟು ಕೇಳಿ ತೆಗೆದುಕೊಂಡಳು.