ಬೈರಣ್ಣನನ್ನು ಬಿಡದ ದೊಡ್ಡಮ್ಮ

ಸಿಟ್ಟು ಬಂದರೆ ನಮ್ಮ ದೊಡ್ಡಮ್ಮ ಮುನಿಯಮ್ಮನ ಬಾಯಲ್ಲಿ ತೆಲುಗು ಬರುತ್ತಿತ್ತು. ಕ್ಯಾಲನೂರಿನ ಹತ್ತಿರದ ನಮ್ಮೂರಿಗೆ ಹಾಲಿನ ಡೇರಿ ಹೊಸದಾಗಿ ಬಂದಿದ್ದ ಕಾಲ. ಬೆಳಿಗ್ಗೆ ಕ್ಯಾನು ಹಿಡಿದು ಸಾಲಿನಲ್ಲಿ ನಿಂತವಳು, ಮುಂದಿದ್ದ ಬೈರಣ್ಣನಿಗೆ, ಎಲ್ಲರಿಗೂ ಕೇಳುವಂತೆ, "ಏಮಿ ಬೈರಣ್ಣಾ, ನಾ ಕೊಡುಕು ಲೇಚಿನಾಡಾ?" ಅನ್ನುತ್ತಿದ್ದಳು. ನನ್ನ ಮಗ ಎದ್ದನಾ ಅಂತ. ಬೈರಣ್ಣ ತಿರುಗುತ್ತಿರಲಿಲ್ಲ. ಮಾರನೇ ದಿನ ಮತ್ತೆ ಅದೇ.

ಅವಳಿಗಿದ್ದವನು ವೆಂಕಟೇಶ ಒಬ್ಬನೇ. ಮೀಸೆ ಕೂಡ ಮೂಡಿರಲಿಲ್ಲ. ದೊಡ್ಡ ಹುಡುಗರಿಬ್ಬರ ಜೊತೆ ಸೇರಿ ಬೈರಣ್ಣನ ಬಾವಿ ಮೋಟರಿನ ತಾಮ್ರದ ತಂತಿ ಕದ್ದು ಸಿಕ್ಕಿಬಿದ್ದ. ಆ ಇಬ್ಬರನ್ನು ಅವರಪ್ಪಂದಿರು ಸ್ಟೇಷನ್ನಿಗೆ ಓಡಾಡಿ ಬಿಡಿಸಿಕೊಂಡರು. ಗಂಡನಿಲ್ಲದ ದೊಡ್ಡಮ್ಮ ಬೈರಣ್ಣನ ಜಗುಲಿಯಲ್ಲಿ ಕೂತು, "ಕಂಪ್ಲೇಂಟ್ ವಾಪಸ್ ತಗೋಳಣ್ಣ, ನಿನ್ನ ಹಿಪ್ಪುನೇರಳೆ ತೋಟದಲ್ಲಿ ದುಡಿದು ತೀರಿಸ್ತೀನಿ" ಅಂದಳು.

"ಇರ್ಲಿ ಬಿಡಮ್ಮ, ಒಳಗಿದ್ರೆ ಬುದ್ಧಿ ಬರ್ತದೆ" ಅಂದ ಅವನು.

ಹದಿನೆಂಟು ತುಂಬುವವರೆಗೆ ಹುಡುಗರ ಸರ್ಕಾರಿ ಶಾಲೆಯಲ್ಲಿಡಿ ಅಂತ ಕೋರ್ಟು ಹೇಳಿತು. ಹೆಸರಿಗೆ ಶಾಲೆ, ಗೇಟಿಗೆ ಬೀಗ. ಒಂದು ಸಲ ನನ್ನನ್ನೂ ಕರೆದುಕೊಂಡು ಹೋಗಿದ್ದಳು. ತಲೆ ಬೋಳಿಸಿಕೊಂಡ ವೆಂಕಟೇಶ ಕೈಕಟ್ಟಿ ನಿಂತಿದ್ದ. "ಹತ್ರ ಬಾರೋ" ಅಂದರೆ ಮೊದಲು ಕಾವಲಿನವನ ಮುಖ ನೋಡಿದ. ಅವಳು ಕಟ್ಟಿಕೊಂಡು ಹೋಗಿದ್ದ ಮುದ್ದೆ, ಅವರೆಕಾಳು ಸಾರನ್ನು ಒಳಗೆ ಬಿಡಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಅಳುತ್ತಾಳೆ ಅಂದುಕೊಂಡಿದ್ದೆ. "ಆ ಬೈರಣ್ಣನ್ನ ಬಿಡಲ್ಲ ಕಣೇ" ಅಂದಳು, ಅಷ್ಟೇ. ಡೇರಿಯಲ್ಲಿ ಆ ಪ್ರಶ್ನೆ ಶುರುವಾದದ್ದು ಆಮೇಲೆ.

ಬಿಡುಗಡೆಯಾಗಿ ಬಂದ ಮಗ ಮನೆಯಲ್ಲಿ ನೆಂಟನ ಹಾಗಿದ್ದ. ಸ್ವಲ್ಪ ದಿನಕ್ಕೇ ಮುಳಬಾಗಿಲು ಕಡೆ ಲಾರಿ ಹತ್ತಿದ. ಆಮೇಲೆ ಊರಿಗೆ ಬಂದದ್ದೇ ಅಪರೂಪ. ದೊಡ್ಡಮ್ಮ ಡೇರಿಯಲ್ಲಿ ಕೇಳುವುದನ್ನು ನಿಲ್ಲಿಸಿದಳು. ಬೈರಣ್ಣನ ಮುಖ ನೋಡುವುದನ್ನೂ ನಿಲ್ಲಿಸಿದಳು. ಅವನೇ ಒಮ್ಮೆ ಮನೆಗೆ ಬಂದ.

"ಅಲ್ಲಿ ಮರಗೆಲಸ ಕಲಿತು ಬಂದ್ನಲ್ಲಮ್ಮ, ಕೆಟ್ಟದ್ದೇನಾಯ್ತು?"

"ಹಂಗಾದ್ರೆ ನಿನ್ನ ಮೊಮ್ಮಗನ್ನೂ ಕಳಿಸು. ಬುತ್ತಿ ನಾನೇ ಕಟ್ಟಿಕೊಡ್ತೀನಿ" ಅಂದವಳು ಒಳಗೆ ಹೋಗಿ ಅಗುಳಿ ಹಾಕಿಕೊಂಡಳು.

ಎಂಬತ್ತರ ದಶಕದ ಕೊನೆಗೆ ಅವಳು ಕೋಲಾರದ ಆಸ್ಪತ್ರೆ ಸೇರಿದಳು. ನೋಡಲು ಹೋದಾಗ ನನ್ನ ಕೈ ಹಿಡಿದು, "ನಾನ್ ಹೋದ್ಮೇಲೆ ಬೈರಣ್ಣನ ಕೈಲಿ ಬಾಯಿಗೆ ಹಾಲು ಬಿಡಿಸಬೇಡ" ಅಂದಳು. ನನ್ನ ಜೊತೆ ಆಡಿದ ಕೊನೆಯ ಮಾತು ಅದು.

ಹೆಣವನ್ನು ಅಂಗಳದಲ್ಲಿ ಮಲಗಿಸಿದ್ದರು. ಹೇಳಿಕಳಿಸಿದ್ದರೂ ವೆಂಕಟೇಶ ಇನ್ನೂ ಬಂದಿರಲಿಲ್ಲ. ಬೈರಣ್ಣ ಕೋಲೂರಿಕೊಂಡು, ಇನ್ನೊಂದು ಕೈಯಲ್ಲಿ ಹಾಲಿನ ಲೋಟ ಹಿಡಿದು ಬಂದ. ನಾನು ಅಡ್ಡ ನಿಂತೆ.

"ಬೇಡ ಅಂದಿದ್ದಾಳೆ, ಮಾವ."

ಸತ್ತ ಮನೇಲಿ ಎಂಥ ಹಟ ಇದು ಅಂತ ಯಾರೋ ಅಂದರು. ಬೈರಣ್ಣ, ನೀನಾದರೂ ಬಿಡು ಅನ್ನುವ ಹಾಗೆ ಲೋಟವನ್ನು ನನ್ನ ಕಡೆ ಚಾಚಿದ. ನಾನು ಲೋಟ ತೆಗೆದುಕೊಳ್ಳಲಿಲ್ಲ.