ಕರೆಕ್ಟ್ ಮಾಸ್ಟರರ ಅಳತೆ

ದರ್ಜಿ ಅಂಗಡಿಯ ಯಜಮಾನರನ್ನು ಬೀದಿಯವರೆಲ್ಲ ‘ಕರೆಕ್ಟ್ ಮಾಸ್ಟರ್’ ಎಂದೇ ಕರೆಯುತ್ತಿದ್ದರು. ಇಂಗ್ಲಿಷಿನಲ್ಲಿ ಅವರಿಗಿದ್ದ ಆಸ್ತಿ ಆ ಒಂದೇ ಪದ. ಆದರೆ ಅದನ್ನು ಅವರು ದುಡಿಸಿಕೊಂಡಷ್ಟು ಗಾಣದ ಎತ್ತನ್ನೂ ಯಾರೂ ದುಡಿಸಿಕೊಂಡಿರಲಿಕ್ಕಿಲ್ಲ. ಗಿರಾಕಿಗೆ ಹೇಳಿದರೆ ‘ಇನ್ನು ಬಾಯಿ ಮುಚ್ಚು’ ಎಂದರ್ಥ. ಕನ್ನಡಿಯ ಮುಂದೆ ಹೇಳಿಕೊಂಡರೆ ‘ನನ್ನಂಥವನು ಇನ್ನೊಬ್ಬನಿಲ್ಲ’ ಎಂದು. ಹೆಂಡತಿಗೆ ಹೇಳಿದರೆ, ಆಕೆಯ ಮಾತು ಕಿವಿಗೇ ಬಿದ್ದಿಲ್ಲವೆಂದು.

ಅಂಗಡಿಯ ಟೇಪಿನ ಮೊದಲ ಇಂಚು ಹರಿದುಹೋಗಿ ಹತ್ತು ವರ್ಷವಾಗಿತ್ತು. ಹೆಂಡತಿ ಅದರಲ್ಲೇ ಅಳೆದು ಚೀಟಿ ಬರೆಯುವಳು; ಅಳತೆ ಒಂದಿಂಚು ಹೆಚ್ಚೇ ಬರುವುದರಿಂದ ಕತ್ತರಿಸುವಾಗ ಮಾಸ್ಟರ್ ಮನಸ್ಸಿನಲ್ಲೇ ಒಂದಿಂಚು ಕಳೆಯುವರು. ಹೊಸದು ಕೊಂಡರೆ ಹಳೆಯದು ತಪ್ಪೆಂದು ಒಪ್ಪಿದಂತಾಗುವುದಿಲ್ಲವೇ?

ಅಷ್ಟರಲ್ಲಿ ಆಸ್ಪತ್ರೆಯ ನಲವತ್ತು ನರ್ಸ್‌ಗಳ ಕೋಟು ಹೊಲಿಯುವ ಕೆಲಸ ಬಂತು. ಚೆನ್ನಾಗಿ ಮುಗಿಸಿದರೆ ವರ್ಷವರ್ಷವೂ ಇವರಿಗೇ. ಕೆಟ್ಟರೆ ಅಂಗಡಿಗೆ ಬೀಗ. ಎದುರಿನ ರೆಡಿಮೇಡ್‌ನವನು ಅದಕ್ಕೇ ಬಾಯಿ ತೆರೆದು ಕೂತಿದ್ದ. ಹೆಂಡತಿ ತಾನೇ ಹೊಸ ಟೇಪು ತಂದು ಅಳತೆ ತೆಗೆದಳು.

“ರೀ, ಇದು ಹೊಸ ಟೇಪು. ಈ ಸಲ ಏನೂ ಕಳೀಬೇಡಿ.”

“ಕರೆಕ್ಟ್,” ಎಂದರು ಮಾಸ್ಟರ್, ಪತ್ರಿಕೆಯಿಂದ ತಲೆಯೆತ್ತದೆ.

ಕಳೆದರು. ನಲವತ್ತಕ್ಕೂ ಕಳೆದರು.

ಹೊಲಿದು ಕಳಿಸಿದ ಕೋಟುಗಳು ಮರುದಿನವೇ ಗಂಟುಕಟ್ಟಿಕೊಂಡು ಹಿರಿಯ ನರ್ಸ್ ಜೊತೆ ವಾಪಸಾದವು. ಒಂದನ್ನು ಆಕೆ ತೊಟ್ಟೇ ಬಂದಿದ್ದಳು, ಉಸಿರು ಬಿಗಿಹಿಡಿದು.

“ಕೋಟು ಕರೆಕ್ಟಾಗಿದೆ ಮೇಡಂ. ನಿಮಗೇ ಸ್ವಲ್ಪ ಮೈ ಬಂದಿದೆ.”

“ನಲವತ್ತು ಜನಕ್ಕೂ ಒಂದೇ ವಾರದಲ್ಲಿ ಮೈ ಬಂತಾ ಮಾಸ್ಟ್ರೇ? ನಮ್ಮ ಆಸ್ಪತ್ರೆ ಊಟ ಅಷ್ಟು ಚೆನ್ನಾಗಿಲ್ಲ!”

ಹೆಂಡತಿ ಗಂಡನ ಮುಖ ನೋಡಿದಳು. “ಕಳೆದ್ರಾ?”

ಮಾಸ್ಟರ್ ಗೋಡೆ ನೋಡಿದರು.

ಹೆಂಡತಿ ನರ್ಸ್ ಕಡೆ ತಿರುಗಿದಳು. “ಅಕ್ಕಾ, ಹೊಲಿಗೆ ಒಳಗೆ ಬಟ್ಟೆ ಇದೆ. ಬಿಚ್ಚಿ ಅಗಲ ಮಾಡ್ಕೊಡ್ತೀವಿ. ಎರಡೇ ದಿನ ಕೊಡಿ.”

“ಕೊಡ್ತೀನಿ. ಆದ್ರೆ ಇನ್ಮೇಲೆ ಕತ್ತರಿ ನಿನ್ನ ಕೈಲಿರ್ಬೇಕಮ್ಮ. ಇಲ್ಲಾಂದ್ರೆ ಎದುರಂಗಡಿ ಇದ್ದೇ ಇದೆ.”

ಎರಡು ದಿನ ಮಾಸ್ಟರ್ ಮೂಲೆಯಲ್ಲಿ ಕೂತು ಎಂಬತ್ತು ಪಕ್ಕದ ಹೊಲಿಗೆ ಬಿಚ್ಚಿದರು. ಆಕೆ ಮತ್ತೆ ಹೊಲಿದಳು. ಈ ಸಲ ಕೋಟುಗಳು ಮೈಗೆ ಕೂತವು, ಆಸ್ಪತ್ರೆಯ ಕೆಲಸ ಉಳಿಯಿತು, ಕತ್ತರಿ ಕೈ ಬದಲಾಯಿಸಿತು.

ಅದೇಕೆಂದು ಕೇಳಿದ ಗಿರಾಕಿಗೆ, ಲಂಗದ ಅಂಚು ಮಡಿಸುತ್ತ ಮಾಸ್ಟರ್ ದೊಡ್ಡ ಮನಸ್ಸಿನಿಂದ ಹೇಳಿದರು: “ನಾನೇ ಬಿಟ್ಕೊಟ್ಟೆ ಕಣಯ್ಯಾ. ಎಷ್ಟು ದಿನ ಅಂತ ಎಲ್ಲಾನೂ ಒಬ್ನೇ ಸರಿಯಾಗಿ ಮಾಡ್ತಾ ಕೂರ್ಲಿ? ಅವಳೂ ಕಲೀಲಿ, ಪಾಪ.”